ಗ್ಯಾಲಕ್ಸಿಗೆ ಎಷ್ಟು ದೂರ? ಬೆಂಗಳೂರು ಕೂಡಿದ ಲೆಕ್ಕ

ಕೆಂಗೇರಿ ದಾಟಿ ರಾಮೋಹಳ್ಳಿ ಕಡೆ ತಿರುಗಿ, ಭಾನುವಾರ ಬಂತೆಂದರೆ ಜನ ಮುತ್ತಿಕೊಳ್ಳುವ ದೊಡ್ಡ ಆಲದ ಮರವನ್ನೂ ಹಿಂದೆ ಬಿಟ್ಟರೆ ಬ್ಯಾಲಾಳಿನ ಸೀಮೆ ಸಿಗುತ್ತದೆ. ಸುತ್ತ ಗುಡ್ಡ, ನಡುವೆ ತಗ್ಗು. ನಗರದ ರೇಡಿಯೊ ಗದ್ದಲಕ್ಕೆ ಗುಡ್ಡಗಳೇ ಅಡ್ಡ ನಿಲ್ಲುತ್ತವೆ ಎಂಬ ಕಾರಣಕ್ಕೆ ಇಸ್ರೊ ಈ ಜಾಗವನ್ನು ಆರಿಸಿಕೊಂಡಿತು. 18 ಮೀಟರ್ ಮತ್ತು 32 ಮೀಟರ್ ಅಗಲದ ಆಂಟೆನಾಗಳು ಎದ್ದು ನಿಂತವು. 2008ರ ಅಕ್ಟೋಬರ್ 22ರಂದು ಚಂದ್ರಯಾನ-1 ಹಾರಿದಾಗ ಅದರ ದನಿ ಹಿಡಿಯಲು ಬ್ಯಾಲಾಳು ಸಿದ್ಧವಾಗಿತ್ತು.

ದೂರ ಅಳೆಯುವುದು ಇಲ್ಲಿ ದಿನನಿತ್ಯದ ಕೆಲಸ. ಆಂಟೆನಾದಿಂದ ಒಂದು ಸಂಕೇತ ಹೊರಡುತ್ತದೆ, ನೌಕೆ ಅದನ್ನು ಹಿಡಿದು ವಾಪಸು ಕಳಿಸುತ್ತದೆ, ಗಡಿಯಾರ ನೋಡಿದರೆ ಲೆಕ್ಕ ಮುಗಿಯಿತು. ಚಂದ್ರನಿಗೆ ಹೋಗಿ ಬರಲು ಸುಮಾರು ಎರಡೂವರೆ ಸೆಕೆಂಡು ಸಾಕು. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಮಂಗಳನ ಕಕ್ಷೆ ಸೇರಿದಾಗ ಅದರ ಸಂಕೇತಕ್ಕೆ ಒಂದು ಕಡೆಯ ದಾರಿಗೇ ಹನ್ನೆರಡೂವರೆ ನಿಮಿಷ ಬೇಕಾಗಿತ್ತು. ನೌಕೆ ಇದ್ದದ್ದು 22 ಕೋಟಿ ಕಿಲೋಮೀಟರ್ ಆಚೆ.

ಇದೇ ತಗ್ಗಿಗೆ ಇನ್ನೊಂದು ಬಗೆಯ ದೂರವೂ ಬಂದಿಳಿಯಿತು. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟೆಯಿಂದ ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹಕ್ಕೆ ಆಜ್ಞೆಗಳು ಹೋಗುವುದು ಪೀಣ್ಯದಿಂದ. ರಾಜಾಜಿನಗರದವರು ತುಮಕೂರು ರಸ್ತೆ ಹಿಡಿದು ದಿನಾ ದಾಟಿಕೊಂಡು ಹೋಗುವ ಕೈಗಾರಿಕಾ ಪ್ರದೇಶದ ಆ ಪೀಣ್ಯವೇ. ಉಪಗ್ರಹ ಕಂಡದ್ದರ ದತ್ತಾಂಶ ಇಳಿಯುವುದು ಬ್ಯಾಲಾಳಿಗೆ. 2016ರ ಅಕ್ಟೋಬರಿನಲ್ಲಿ ಅದರ ನೇರಳಾತೀತ ದೂರದರ್ಶಕ ಆಕಾಶದ ಒಂದು ಪುಟ್ಟ ತುಣುಕನ್ನು ಒಟ್ಟು 28 ಗಂಟೆಗೂ ಹೆಚ್ಚು ಹೊತ್ತು ದಿಟ್ಟಿಸಿತು. ಪುಣೆಯ ಖಗೋಳ ಸಂಶೋಧನಾ ಕೇಂದ್ರ ಐಯುಕಾದ ಕನಕ್ ಸಾಹಾ ಮತ್ತು ಸಂಗಡಿಗರು ಆ ದತ್ತಾಂಶವನ್ನು ವರ್ಷಗಟ್ಟಲೆ ಜಾಲಾಡಿದರು. ಅವರ ಫಲಿತಾಂಶ ಅಚ್ಚಾದದ್ದು 2020ರ ಆಗಸ್ಟಿನಲ್ಲಿ. ಎಯುಡಿಎಫ್ಎಸ್01 ಎಂಬ ಗ್ಯಾಲಕ್ಸಿಯಿಂದ ತೀವ್ರ ನೇರಳಾತೀತ ಬೆಳಕು ಸೋರುತ್ತಿದೆ, ಅದರ ದೂರ 930 ಕೋಟಿ ಜ್ಯೋತಿರ್ವರ್ಷ ಎಂದು ಪತ್ರಿಕೆಗಳೆಲ್ಲ ಬರೆದವು. ಆ ದೂರದರ್ಶಕವನ್ನು ಕಟ್ಟುವ ಮುಂದಾಳತ್ವ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯದು. ಜೋಡಣೆ ನಡೆದದ್ದು ಹೊಸಕೋಟೆಯ ಅದರ ಪ್ರಯೋಗಾಲಯದಲ್ಲಿ. ಬರೀ 38 ಸೆಂಟಿಮೀಟರ್ ಅಗಲದ ಕನ್ನಡಿ ಅದಕ್ಕೆ. 2.4 ಮೀಟರಿನ ಹಬಲ್ ದೂರದರ್ಶಕಕ್ಕೆ ಕಾಣದ ಬೆಳಕು ಇದಕ್ಕೆ ಕಂಡದ್ದು ಹೇಗೆಂದರೆ, ಇದರ ಪತ್ತೆಯಂತ್ರದಲ್ಲಿ ಹಿನ್ನೆಲೆಯ ಗೊಜಲು ಬಹಳ ಕಡಿಮೆ.

ಸರಿ, 930 ಕೋಟಿ ಎಂದು ಅಳೆದವರು ಯಾರು? ಆಸ್ಟ್ರೋಸ್ಯಾಟ್ ಅಂತೂ ಅಲ್ಲ. ಸಂಕೇತ ಕಳಿಸಿ ಮರುದನಿಗೆ ಕಾಯುವ ಬ್ಯಾಲಾಳಿನ ವಿದ್ಯೆ ಇಲ್ಲಿ ನಡೆಯುವುದಿಲ್ಲ. ನಮ್ಮ ನೆರೆಯ ದೊಡ್ಡ ಗ್ಯಾಲಕ್ಸಿ ಆಂಡ್ರೊಮಿಡಾಗೆ ಇವತ್ತು ಸಂಕೇತ ಕಳಿಸಿದರೂ ಉತ್ತರಕ್ಕೆ 50 ಲಕ್ಷ ವರ್ಷ ಕಾಯಬೇಕು. ಎಯುಡಿಎಫ್ಎಸ್01ರ ಸಂಗತಿಯಲ್ಲಿ ನಿಜವಾಗಿ ಅಳೆದದ್ದು ಬೆಳಕು ಎಷ್ಟು ಹಿಗ್ಗಿದೆ ಎಂಬುದನ್ನು. ಅದು ಬೇರೆ ದೂರದರ್ಶಕಗಳು ತೆಗೆದ ರೋಹಿತದಿಂದ ಸಿಕ್ಕಿದ್ದು. ಅಲ್ಲಿಂದ 60 ನ್ಯಾನೋಮೀಟರಿನ ಆಸುಪಾಸಿನ ಅಲೆಯಾಗಿ ಹೊರಟ ಬೆಳಕು ದಾರಿಯುದ್ದಕ್ಕೂ ವಿಶ್ವದ ಜೊತೆಗೇ ಹಿಗ್ಗುತ್ತ, ಇಲ್ಲಿ ಮುಟ್ಟುವಾಗ ಸುಮಾರು 150 ನ್ಯಾನೋಮೀಟರ್ ಆಗಿತ್ತು. ಇದನ್ನು ಕೆಂಪು ಪಲ್ಲಟ ಎನ್ನುತ್ತಾರೆ. ವಿಶ್ವ ಯಾವ ವೇಗದಲ್ಲಿ ಹಿಗ್ಗುತ್ತ ಬಂದಿದೆ ಎಂಬುದು ಗೊತ್ತಿದ್ದರೆ, ಈ ಬೆಳಕು 930 ಕೋಟಿ ವರ್ಷ ಪಯಣಿಸಿದೆ ಎಂದು ಹೇಳಬಹುದು. ಅಷ್ಟು ವರ್ಷಗಳಲ್ಲಿ ಆ ಗ್ಯಾಲಕ್ಸಿ ಇನ್ನೂ ದೂರ ಸರಿದಿರುವುದರಿಂದ ಇವತ್ತಿನ ಅಂತರ ಅದಕ್ಕಿಂತ ಬಹಳ ಹೆಚ್ಚು. ಪತ್ರಿಕೆಗಳು ಇದನ್ನು ಬಿಡಿಸಿ ಹೇಳುವುದು ಅಪರೂಪ.

ಎಲ್ಲವೂ ನಿಂತಿರುವುದು ಆ ‘ಗೊತ್ತಿದ್ದರೆ’ ಎಂಬ ಮಾತಿನ ಮೇಲೆ. ಹಿಗ್ಗುವ ವೇಗ ತಿಳಿಯಬೇಕಾದರೆ ಹತ್ತಿರದ ಗ್ಯಾಲಕ್ಸಿಗಳ ದೂರ ಬೇರೆ ದಾರಿಯಿಂದ ಗೊತ್ತಾಗಬೇಕು, ಅದಕ್ಕೆ ನಕ್ಷತ್ರಗಳ ದೂರ ಗೊತ್ತಾಗಬೇಕು. ಖಗೋಳಜ್ಞರು ಇದನ್ನು ದೂರದ ಏಣಿ ಎನ್ನುತ್ತಾರೆ. ಸುದ್ದಿಯಾಗುವುದು ಯಾವಾಗಲೂ ಮೇಲಿನ ಮೆಟ್ಟಿಲು. ಬೆಂಗಳೂರಿನವರು ದುಡಿದದ್ದು ಹೆಚ್ಚಾಗಿ ಕೆಳಗಿನ, ನಡುವಿನ ಮೆಟ್ಟಿಲುಗಳಲ್ಲಿ.

ಕೆಳಗಿನ ಮೆಟ್ಟಿಲು ಅಲುಗಿದರೆ ಏನಾಗುತ್ತದೆ ಎಂಬುದಕ್ಕೆ ಎಡ್ವಿನ್ ಹಬಲ್‌ಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಸೆಫೀಡ್ ಎಂಬ ನಕ್ಷತ್ರಗಳು ಉಬ್ಬಿ ಕುಗ್ಗುತ್ತ ಮಿನುಗುತ್ತವೆ. ನಿಧಾನವಾಗಿ ಮಿನುಗಿದಷ್ಟೂ ಅವುಗಳ ನಿಜವಾದ ಪ್ರಕಾಶ ಹೆಚ್ಚು ಎಂದು ಹಾರ್ವರ್ಡಿನ ಹೆನ್ರಿಯೆಟಾ ಲೀವಿಟ್ 1912ರಲ್ಲಿ ತೋರಿಸಿದ್ದರು. ನಿಜವಾದ ಪ್ರಕಾಶ ಗೊತ್ತಾದರೆ, ಕಣ್ಣಿಗೆ ಕಾಣುವ ಪ್ರಕಾಶದೊಡನೆ ಹೋಲಿಸಿ ದೂರ ಹೇಳಬಹುದು. ಹಬಲ್ 1923ರ ಅಕ್ಟೋಬರಿನಲ್ಲಿ ಮೌಂಟ್ ವಿಲ್ಸನ್ನಿನ ನೂರಿಂಚಿನ ದೂರದರ್ಶಕದಿಂದ ಆಂಡ್ರೊಮಿಡಾದೊಳಗೆ ಅಂಥ ಒಂದು ನಕ್ಷತ್ರ ಹಿಡಿದು, ದೂರ ಸುಮಾರು 9 ಲಕ್ಷ ಜ್ಯೋತಿರ್ವರ್ಷ ಎಂದರು. ಅಲ್ಲಿಯವರೆಗೆ ನಮ್ಮ ಕ್ಷೀರಪಥವೇ ಇಡೀ ವಿಶ್ವ ಎಂದು ನಂಬಿದ್ದವರ ವಾದ ಅಲ್ಲಿಗೆ ಬಿದ್ದುಹೋಯಿತು. ಆದರೆ ಸಂಖ್ಯೆ ತಪ್ಪಾಗಿತ್ತು. ಸೆಫೀಡ್‌ಗಳಲ್ಲಿ ಎರಡು ಜಾತಿ ಇವೆ ಎಂಬುದು ವಾಲ್ಟರ್ ಬಾಡೆಯಿಂದ 1952ರಲ್ಲಿ ತಿಳಿದಾಗ, ಲೋಕದ ಎಲ್ಲ ಗ್ಯಾಲಕ್ಸಿಗಳ ದೂರವೂ ಒಮ್ಮೆಗೇ ಇಮ್ಮಡಿಯಾಯಿತು. ಇಂದಿನ ಲೆಕ್ಕದಲ್ಲಿ ಆಂಡ್ರೊಮಿಡಾ ಇರುವುದು 25 ಲಕ್ಷ ಜ್ಯೋತಿರ್ವರ್ಷ ಆಚೆ. 1929ರಲ್ಲಿ ಹಬಲ್ ಕೊಟ್ಟ ಹಿಗ್ಗುವಿಕೆಯ ವೇಗ ಇವತ್ತಿನದರ ಏಳು ಪಟ್ಟು. ಅದನ್ನು ನಂಬಿದರೆ ವಿಶ್ವದ ವಯಸ್ಸು ಭೂಮಿಯ ಕಲ್ಲುಗಳ ವಯಸ್ಸಿಗಿಂತ ಕಡಿಮೆ ಆಗುತ್ತಿತ್ತು!

ಬಾಡೆ ಆ ತಿದ್ದುಪಡಿ ಮಾಡುತ್ತಿದ್ದ ಕಾಲಕ್ಕೇ, ಅದೇ ಕ್ಯಾಲಿಫೋರ್ನಿಯಾದ ಬೆಟ್ಟಗಳಲ್ಲಿ ಭಾರತದ ಒಬ್ಬ ತರುಣ ರಾತ್ರಿಗಳನ್ನು ಕಳೆಯುತ್ತಿದ್ದ. ಹೆಸರು ವೇಣು ಬಾಪ್ಪು. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿದ್ದವರು. ಹುಡುಗ ದೂರದರ್ಶಕದ ನೆರಳಲ್ಲೇ ಬೆಳೆದವನು. ಹಾರ್ವರ್ಡಿನಲ್ಲಿ ಓದುವಾಗಲೇ, 1949ರಲ್ಲಿ, ಒಂದು ಧೂಮಕೇತುವನ್ನು ಕಂಡುಹಿಡಿದು ಅದಕ್ಕೆ ತನ್ನ ಹೆಸರೂ ಸೇರುವಂತೆ ಮಾಡಿದ್ದ. ಆಮೇಲೆ ಆಲಿನ್ ವಿಲ್ಸನ್ ಅವರ ಜೊತೆ ಕೂತು ನಕ್ಷತ್ರಗಳ ರೋಹಿತದ ಫೋಟೊ ಫಲಕಗಳನ್ನು ಅಳೆಯತೊಡಗಿದ.

ಆ ಅಳತೆ ಎಂಥದ್ದು ಎಂದು ಹತ್ತಿರದಿಂದ ನೋಡಬೇಕು. ಸೂರ್ಯನಂಥ ಮತ್ತು ಅವನಿಗಿಂತ ತಣ್ಣಗಿನ ನಕ್ಷತ್ರಗಳ ರೋಹಿತದಲ್ಲಿ, ನೇರಳೆಯ ತುದಿಯಲ್ಲಿ, ಕ್ಯಾಲ್ಸಿಯಂ ಬರೆದ ಒಂದು ದಪ್ಪ ಕಪ್ಪು ಗೆರೆ ಇರುತ್ತದೆ. ‘ಕೆ’ ಗೆರೆ ಎಂದು ಅದರ ಹೆಸರು. ಆ ಕಪ್ಪಿನ ನಟ್ಟನಡುವೆ ಸಣ್ಣದೊಂದು ಬೆಳಕಿನ ಎಳೆ. ಎಳೆ ಎಷ್ಟು ಉಜ್ವಲವಾಗಿದೆ ಎಂಬುದಕ್ಕೂ ನಕ್ಷತ್ರದ ಪ್ರಕಾಶಕ್ಕೂ ನಂಟಿಲ್ಲ. ನಂಟಿರುವುದು ಎಳೆಯ ಅಗಲಕ್ಕೆ. ನಕ್ಷತ್ರ ದೈತ್ಯವಾದಷ್ಟೂ ಎಳೆ ಅಗಲ. 185 ನಕ್ಷತ್ರಗಳ ಫಲಕಗಳನ್ನು ಅಳೆದು ಇಬ್ಬರೂ 1957ರಲ್ಲಿ ಈ ಸಂಬಂಧವನ್ನು ಪ್ರಕಟಿಸಿದರು. ಅಂದರೆ, ರೋಹಿತದ ಒಂದು ಎಳೆಯ ಅಗಲವನ್ನು ಅಳೆದರೆ ಸಾಕು, ನಕ್ಷತ್ರದ ನಿಜವಾದ ಪ್ರಕಾಶ, ಅದರಿಂದ ಅದರ ದೂರ. ‘ವಿಲ್ಸನ್–ಬಾಪ್ಪು ಪರಿಣಾಮ’ ಎಂಬ ಹೆಸರಿನಲ್ಲಿ ಇದು ಪಠ್ಯಪುಸ್ತಕ ಸೇರಿತು. ಇದರಿಂದ ಗ್ಯಾಲಕ್ಸಿಗಳ ದೂರ ನೇರವಾಗಿ ಸಿಗುವುದಿಲ್ಲ. ಇದು ನಮ್ಮದೇ ಕ್ಷೀರಪಥದೊಳಗಿನ ಮೆಟ್ಟಿಲು. ಈಗ ಗಯಾ ಉಪಗ್ರಹ ನಕ್ಷತ್ರಗಳ ದೂರವನ್ನು ನೇರ ಜ್ಯಾಮಿತಿಯಿಂದಲೇ ಅಳೆದು ಕೊಟ್ಟಿರುವುದರಿಂದ ದೂರಕ್ಕಾಗಿ ಇದರ ಮೊರೆ ಹೋಗುವ ಅಗತ್ಯ ಕಡಿಮೆಯಾಗಿದೆ. ಆದರೂ ಆ ಎಳೆ ಯಾಕೆ ಹಾಗೆ ಅಗಲವಾಗುತ್ತದೆ ಎಂಬ ಚರ್ಚೆ ದಶಕಗಳವರೆಗೆ ಮುಗಿಯಲಿಲ್ಲ.

ಬಾಪ್ಪು ಅಮೆರಿಕದಲ್ಲಿ ಉಳಿಯಲಿಲ್ಲ. 1960ರಲ್ಲಿ ಕೊಡೈಕನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ಅದು ಸೂರ್ಯನನ್ನು ನೋಡಲು ಕಟ್ಟಿದ ಜಾಗ. ನಕ್ಷತ್ರ, ಗ್ಯಾಲಕ್ಸಿ ನೋಡಲು ಕತ್ತಲು ಬೇಕಿತ್ತು. ಹುಡುಕಿ ಹುಡುಕಿ ತಮಿಳುನಾಡಿನ ಜವ್ವಾದಿ ಬೆಟ್ಟದ ಕಾವಲೂರನ್ನು ಆರಿಸಿದರು. ಮೊದಲು 38 ಸೆಂಟಿಮೀಟರಿನ ಒಂದು ಪುಟ್ಟ ದೂರದರ್ಶಕ, 1972ರಲ್ಲಿ ಒಂದು ಮೀಟರಿನದು. ಅಷ್ಟರಲ್ಲಿ, 1971ರಲ್ಲಿ, ಭಾರತೀಯ ಖಭೌತ ಸಂಸ್ಥೆ ಸ್ವಾಯತ್ತವಾಗಿತ್ತು. 1975ರಲ್ಲಿ ಅದರ ಕೇಂದ್ರ ಕಚೇರಿ ಬೆಂಗಳೂರಿಗೆ ಬಂತು, ಕೋರಮಂಗಲದಲ್ಲಿ ನೆಲೆ ನಿಂತಿತು. ಬಾಪ್ಪು ಅವರ ದೊಡ್ಡ ಕನಸು 2.34 ಮೀಟರ್ ಕನ್ನಡಿಯ ದೂರದರ್ಶಕ. ಗಾಜು ಹೊರಗಿಂದ ಬಂದರೂ ಉಜ್ಜಿ ನಯಗೊಳಿಸಿದ್ದು ಬೆಂಗಳೂರಿನ ಕಾರ್ಯಾಗಾರದಲ್ಲೇ. ಅದು ಆಕಾಶ ನೋಡುವುದನ್ನು ಬಾಪ್ಪು ಕಾಣಲಿಲ್ಲ. 1982ರ ಆಗಸ್ಟ್ 19ರಂದು ಮ್ಯೂನಿಕ್‌ನಲ್ಲಿ ತೀರಿಕೊಂಡರು, ಆಗಿನ್ನೂ 55 ವರ್ಷ. 1986ರ ಜನವರಿಯಲ್ಲಿ ಪ್ರಧಾನಿ ರಾಜೀವ್ ಗಾಂಧಿ ಬಂದು ದೂರದರ್ಶಕಕ್ಕೂ ವೀಕ್ಷಣಾಲಯಕ್ಕೂ ಬಾಪ್ಪು ಹೆಸರಿಟ್ಟರು.

ಕಾವಲೂರಿನ ಮೋಡ ಮಾತ್ರ ಯಾರ ಮಾತನ್ನೂ ಕೇಳಲಿಲ್ಲ. ಮುಂಗಾರು, ಹಿಂಗಾರು ಎರಡೂ ಅಲ್ಲಿ ಹಾಯುತ್ತವೆ. ಇನ್ನೂ ಒಣ, ಇನ್ನೂ ಎತ್ತರದ ಜಾಗ ಬೇಕೆಂದು ಸಂಸ್ಥೆಯವರು ಲಡಾಖಿನ ಹಾನ್ಲೆಗೆ ಹೋದರು. ಸಮುದ್ರ ಮಟ್ಟದಿಂದ 4,500 ಮೀಟರ್. ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕ ಅಲ್ಲಿ 2000ದ ಸೆಪ್ಟೆಂಬರಿನಲ್ಲಿ ಮೊದಲ ಬೆಳಕು ಕಂಡಿತು. ಉಸಿರಾಡಲೂ ಕಷ್ಟವಾದ ಎತ್ತರದಲ್ಲಿ ರಾತ್ರಿಯಿಡೀ ಕೂರುವ ಬದಲು, ವಿಜ್ಞಾನಿಗಳು ಹೊಸಕೋಟೆಯ ಕೇಂದ್ರದಲ್ಲಿ ಕೂತು ಉಪಗ್ರಹ ಸಂಪರ್ಕದ ಮೂಲಕ ಅದನ್ನು ತಿರುಗಿಸುತ್ತಾರೆ. ಇಲ್ಲಿ ಸ್ವೆಟರ್ ಸಾಕು, ಅಲ್ಲಿ ಚಳಿಗಾಲದ ರಾತ್ರಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿಗೂ ಕೆಳಗೆ.

ದೂರದ ಏಣಿಯ ಮುಂದಿನ ಮೆಟ್ಟಿಲಿನ ಕೆಲಸ ನಡೆದದ್ದು ಈ ದೂರದರ್ಶಕದಿಂದ. ಸೆಫೀಡ್‌ಗಳು ಹತ್ತಿರದ ಗ್ಯಾಲಕ್ಸಿಗಳಲ್ಲಿ ಮಾತ್ರ ಕಾಣುತ್ತವೆ. ಅದಕ್ಕೂ ಆಚೆಗೆ ಬೇಕಾದದ್ದು ಒಂದು ಗ್ಯಾಲಕ್ಸಿಯಷ್ಟೇ ಉಜ್ವಲವಾಗಿ ಉರಿಯುವ ಏನಾದರೂ. ಒಂದು ಬಗೆಯ ಸೂಪರ್‌ನೋವಾ, ‘ಒಂದು-ಎ’ ಜಾತಿಯದು, ಹಾಗೆ ಉರಿಯುತ್ತದೆ. ಶ್ವೇತಕುಬ್ಜ ಎಂಬ ಸತ್ತ ನಕ್ಷತ್ರ ಸ್ಫೋಟಿಸಿದಾಗ ಹುಟ್ಟುವ ಬೆಳಕು ಅದು. ಎಲ್ಲ ಸ್ಫೋಟಗಳೂ ಒಂದೇ ಸಮ ಇರುವುದಿಲ್ಲ. ಆದರೆ ಉಜ್ವಲವಾದವು ನಿಧಾನವಾಗಿ ಮಂಕಾಗುತ್ತವೆ, ಸಪ್ಪೆಯವು ಬೇಗ ಆರುತ್ತವೆ ಎಂದು ಮಾರ್ಕ್ ಫಿಲಿಪ್ಸ್ 1993ರಲ್ಲಿ ತೋರಿಸಿದರು. ಶಿಖರ ಮುಟ್ಟಿದ ಮೇಲೆ 15 ದಿನಗಳಲ್ಲಿ ನೀಲಿ ಬೆಳಕು ಎಷ್ಟು ಇಳಿಯಿತು ಎಂದು ನೋಡಿದರೆ ನಿಜವಾದ ಪ್ರಕಾಶವನ್ನು ಊಹಿಸಬಹುದು. ಈ ದಾರಿಯಿಂದಲೇ 1998ರಲ್ಲಿ ಎರಡು ತಂಡಗಳು ವಿಶ್ವದ ಹಿಗ್ಗುವಿಕೆ ವೇಗ ಪಡೆಯುತ್ತಿದೆ ಎಂದು ಕಂಡುಕೊಂಡವು, 2011ರಲ್ಲಿ ಆ ಕೆಲಸಕ್ಕೆ ನೊಬೆಲ್ ಬಂತು.

ಬೆಂಗಳೂರಿನಲ್ಲಿ ಜಿ. ಸಿ. ಅನುಪಮಾ, ಡಿ. ಕೆ. ಸಾಹು ಮೊದಲಾದವರ ತಂಡ ಮಾಡಿದ್ದು ಹತ್ತಿರದ ಸೂಪರ್‌ನೋವಾಗಳನ್ನು ತಿಂಗಳುಗಟ್ಟಲೆ ಬೆನ್ನು ಹತ್ತುವ ಕೆಲಸ. ದೂರದ್ದನ್ನು ನಂಬಬೇಕಾದರೆ ಹತ್ತಿರದ್ದರ ಗುಣ ಕರಾರುವಾಕ್ಕಾಗಿ ತಿಳಿದಿರಬೇಕಲ್ಲ! 2014ರ ಜನವರಿ 21ರಂದು ಲಂಡನ್ನಿನ ಒಂದು ಬೋಧನಾ ವೀಕ್ಷಣಾಲಯದಲ್ಲಿ, ಮೋಡ ಕವಿಯುವ ಮೊದಲು ಅವಸರದಲ್ಲಿ ತೆಗೆದ ಚಿತ್ರದಲ್ಲಿ, ಎಂ82 ಗ್ಯಾಲಕ್ಸಿಯಲ್ಲಿ ಹೊಸ ಚುಕ್ಕೆ ಕಂಡಿತು. ಸುಮಾರು 1.2 ಕೋಟಿ ಜ್ಯೋತಿರ್ವರ್ಷ ಆಚೆ, ಅಂದರೆ ಈ ಜಾತಿಯ ಲೆಕ್ಕದಲ್ಲಿ ಪಕ್ಕದ ಬೀದಿಯಲ್ಲೇ. ಹಾನ್ಲೆಯ ದೂರದರ್ಶಕ ಕಣ್ಣಿಗೆ ಕಾಣುವ ಬೆಳಕಿನಲ್ಲೂ, ಮುಂಬೈಯ ಟಿಐಎಫ್ಆರ್ ಕಟ್ಟಿಕೊಟ್ಟ ಉಪಕರಣದಿಂದ ಅವಗೆಂಪಿನಲ್ಲೂ ಅದನ್ನು ಹಿಂಬಾಲಿಸಿತು. ಎಂ82 ದೂಳು ತುಂಬಿದ ಗ್ಯಾಲಕ್ಸಿ. ದೂಳು ನೀಲಿಯನ್ನು ನುಂಗುತ್ತದೆ. ಚುಕ್ಕೆ ಮಂಕಾಗಿ ಕಂಡರೆ ಅದು ದೂರವಿರುವುದರಿಂದಲೋ ದೂಳಿನಿಂದಲೋ ಎಂಬ ಪ್ರಶ್ನೆ ಬರುತ್ತದೆ. ಅಲ್ಲಿಯ ದೂಳು ಬೆಳಕನ್ನು ನುಂಗುವ ರೀತಿಯೂ ನಮ್ಮ ಕ್ಷೀರಪಥದ ಸಾಮಾನ್ಯ ದೂಳಿನಂತಿರಲಿಲ್ಲ. ಗ್ಯಾಲಕ್ಸಿಗಳ ದೂರವನ್ನು ಕೆಡಿಸುವ ನಿಜವಾದ ಶತ್ರು ದೂಳು. ಅದರ ಲೆಕ್ಕ ತೀರಿಸುವ ಇಂಥ ಲೇಖನಗಳನ್ನು ಪತ್ರಿಕೆಯವರು ಓದುವುದಿಲ್ಲ, ನೊಬೆಲ್ ಸಮಿತಿಯೂ ಹುಡುಕಿಕೊಂಡು ಬರುವುದಿಲ್ಲ.

ಇಷ್ಟೆಲ್ಲ ಮೆಟ್ಟಿಲುಗಳಿಲ್ಲದೆ ನೇರವಾಗಿ ದೂರ ಹೇಳುವ ಏನಾದರೂ ಇದೆಯೇ? 1986ರಲ್ಲಿ ಬರ್ನಾರ್ಡ್ ಶುಟ್ಜ್ ಇದೆ ಎಂದರು. ಎರಡು ನ್ಯೂಟ್ರಾನ್ ನಕ್ಷತ್ರಗಳು ಒಂದನ್ನೊಂದು ಸುತ್ತುತ್ತ ಹತ್ತಿರವಾಗುವಾಗ ಗುರುತ್ವ ಅಲೆಗಳು ಹೊರಡುತ್ತವೆ. ಸುತ್ತುವ ವೇಗ ಏರುವ ಪರಿಯಿಂದಲೇ ಆ ನಕ್ಷತ್ರಗಳ ತೂಕ ತಿಳಿಯುತ್ತದೆ, ತೂಕದಿಂದ ಅಲೆ ಹೊರಟಾಗ ಎಷ್ಟು ಬಲವಾಗಿತ್ತು ಎಂಬುದು ತಿಳಿಯುತ್ತದೆ. ನಮ್ಮಲ್ಲಿಗೆ ಮುಟ್ಟಿದಾಗ ಎಷ್ಟು ಕ್ಷೀಣಿಸಿದೆ ಎಂದು ಅಳೆದರೆ ದೂರ ಸಿಕ್ಕಿತು. ಇಲ್ಲಿ ಸೆಫೀಡ್ ಬೇಡ, ಸೂಪರ್‌ನೋವಾ ಬೇಡ, ದೂಳಿನ ಕಾಟವೂ ಇಲ್ಲ. ಬೇಕಾದದ್ದು ಐನ್‌ಸ್ಟೈನ್ ಸಮೀಕರಣಗಳಿಂದ ಆ ಅಲೆಯ ಆಕಾರವನ್ನು ಮುಂಚಿತವಾಗಿ, ತೀರಾ ನಿಖರವಾಗಿ ಬರೆದಿಡುವುದು.

ಇಲ್ಲಿ ಬೆಂಗಳೂರಿನ ಇಬ್ಬರ ಕಥೆ ಬರುತ್ತದೆ. ಒಬ್ಬರು ಸಿ. ವಿ. ವಿಶ್ವೇಶ್ವರ. ಕನ್ನಡ ಸಾಹಿತಿ ಸಿ. ಕೆ. ವೆಂಕಟರಾಮಯ್ಯನವರ ಮಗ, 1938ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಮಿಸ್ನರ್ ಅವರ ಶಿಷ್ಯರಾಗಿ ಕಪ್ಪುಕುಳಿಗಳ ಮೇಲೆ ಕೆಲಸ ಮಾಡಿದರು. ಕಪ್ಪುಕುಳಿಯತ್ತ ಅಲೆಯ ಗೊಂಚಲೊಂದನ್ನು ಕಳಿಸಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕುತ್ತಿದ್ದಾಗ, ಗೊಂಚಲನ್ನು ಕಿರಿದಾಗಿಸಿದಂತೆ ಉತ್ತರದಲ್ಲಿ ಒಂದು ಕಂಪನ ಎದ್ದು ಬಂತು, ಬೇಗ ಬೇಗ ಆರುವ ಕಂಪನ. ಕಪ್ಪುಕುಳಿಗೆ ತನ್ನದೇ ನಾದವಿದೆ ಎಂದು 1970ರಲ್ಲಿ ನೇಚರ್ ಪತ್ರಿಕೆಯಲ್ಲಿ ಅವರು ಬರೆದಾಗ ಕಪ್ಪುಕುಳಿ ನಿಜಕ್ಕೂ ಇದೆಯೇ ಎಂಬುದೇ ಅನುಮಾನವಾಗಿತ್ತು. ತಿರುಗಿ ಊರಿಗೆ ಬಂದರು, ರಾಮನ್ ಸಂಶೋಧನಾ ಸಂಸ್ಥೆಯಲ್ಲಿ, ಆಮೇಲೆ ಖಭೌತ ಸಂಸ್ಥೆಯಲ್ಲಿ ದುಡಿದರು, 1989ರಲ್ಲಿ ತೆರೆದ ನೆಹರೂ ತಾರಾಲಯದ ಮೊದಲ ನಿರ್ದೇಶಕರಾದರು. ವಿಜಯನಗರ, ಬಸವೇಶ್ವರನಗರದ ಶಾಲೆಗಳಿಂದ ಬಸ್ಸು ತುಂಬಿಕೊಂಡು ತಾರಾಲಯಕ್ಕೆ ಹೋದ ಮಕ್ಕಳಿಗೆ ಗೊತ್ತಿಲ್ಲದೆಯೇ ಪರಿಚಯವಾದ ಹೆಸರು ಇದು. 2016ರ ಫೆಬ್ರುವರಿ 11ರಂದು ಗುರುತ್ವ ಅಲೆಯ ಮೊದಲ ಪತ್ತೆ ಘೋಷಣೆಯಾದಾಗ, ಆ ಅಲೆಯ ಕೊನೆಯ ಭಾಗದಲ್ಲಿ ಅವರು ಹೇಳಿದ್ದ ಆರುವ ಕಂಪನವಿತ್ತು. ಅದನ್ನು ಕಂಡರು. 2017ರ ಜನವರಿ 16ರಂದು ತೀರಿಕೊಂಡರು.

ದೂರದ ಲೆಕ್ಕಕ್ಕೆ ಹೆಚ್ಚು ಬೇಕಾದದ್ದು ಆ ಕೊನೆಯ ನಾದಕ್ಕಿಂತ ಅದಕ್ಕೆ ಮುಂಚಿನ ಸುತ್ತುಗಳು. ಅಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ಬಾಲಾ ಅಯ್ಯರ್ ಬರುತ್ತಾರೆ. ಮೇಖ್ರಿ ವೃತ್ತದ ಬಳಿಯ ಆ ಶಾಂತ ಆವರಣದಲ್ಲಿ ಕೂತು ಪ್ಯಾರಿಸ್ಸಿನ ತಿಬೊ ದಾಮೂರ್, ಲ್ಯೂಕ್ ಬ್ಲಾಂಷೆ ಮೊದಲಾದವರೊಂದಿಗೆ ಅವರು ವರ್ಷಾನುಗಟ್ಟಲೆ ಒಂದೇ ಲೆಕ್ಕವನ್ನು ಬೆಳೆಸುತ್ತ ಹೋದರು. ಸಮೀಕರಣಗಳಿಗೆ ನೇರ ಉತ್ತರವಿಲ್ಲ. ನಕ್ಷತ್ರಗಳ ವೇಗಕ್ಕೂ ಬೆಳಕಿನ ವೇಗಕ್ಕೂ ಇರುವ ಅನುಪಾತವನ್ನು ಹಿಡಿದು ಪದದ ಮೇಲೆ ಪದ ತಿದ್ದುಪಡಿ ಸೇರಿಸಬೇಕು. ಒಂದೊಂದು ಪದಕ್ಕೂ ಬೀಜಗಣಿತದ ರಾಶಿ. 1995ರಲ್ಲಿ ಒಂದು ಘಟ್ಟ, 2004ರಲ್ಲಿ ಇನ್ನೂ ಮೇಲಿನ ಘಟ್ಟ. ಆ ಹೊತ್ತಿಗೆ ಯಾವ ಯಂತ್ರವೂ ಇನ್ನೂ ಅಲೆಯನ್ನು ಹಿಡಿದಿರಲಿಲ್ಲ. ಇಷ್ಟು ನಿಖರತೆ ಯಾಕೆ ಎಂದರೆ, ಸಂಕೇತ ಸಾವಿರಾರು ಸುತ್ತು ಸುತ್ತುತ್ತದೆ. ಕಾಗದದ ಮೇಲಿನ ಅಲೆ ಅರ್ಧ ಸುತ್ತು ತಪ್ಪಿದರೂ ನಿಜವಾದ ಅಲೆಯೊಡನೆ ತಾಳ ಕೂಡದು, ಗದ್ದಲದಲ್ಲಿ ಅದು ಸಿಗದೇ ಹೋಗಬಹುದು.

2017ರ ಆಗಸ್ಟ್ 17ರಂದು ನ್ಯೂಟ್ರಾನ್ ನಕ್ಷತ್ರಗಳ ಜೋಡಿಯ ಅಲೆ ಸಿಕ್ಕಿತು. ಅಲೆ ಹಿಡಿಯಲು ನಿಂತಿದ್ದವು ಅಮೆರಿಕದ ಎರಡು ಲೈಗೊ ಯಂತ್ರಗಳು, ಇಟಲಿಯ ವರ್ಗೊ. ಸಂಕೇತ ಸುಮಾರು ನೂರು ಸೆಕೆಂಡು ಏರುತ್ತ ಹೋಗಿ ನಿಂತಿತು. 1.7 ಸೆಕೆಂಡಿನ ಬಳಿಕ ಉಪಗ್ರಹಗಳಿಗೆ ಗಾಮಾ ಕಿರಣದ ಮಿಂಚು ಕಂಡಿತು. ಹನ್ನೊಂದು ಗಂಟೆ ಕಳೆಯುವಷ್ಟರಲ್ಲಿ ಚಿಲಿಯ ಒಂದು ದೂರದರ್ಶಕ ಹೈಡ್ರಾ ನಕ್ಷತ್ರಪುಂಜದ ಎನ್‌ಜಿಸಿ 4993 ಗ್ಯಾಲಕ್ಸಿಯಲ್ಲಿ ಹೊಸ ಬೆಳಕನ್ನು ಹಿಡಿಯಿತು. ಅಲೆಯೇ ಹೇಳಿದ ದೂರ 14 ಕೋಟಿ ಜ್ಯೋತಿರ್ವರ್ಷದ ಆಸುಪಾಸು. ಆ ಗ್ಯಾಲಕ್ಸಿ ವಿಶ್ವದ ಜೊತೆ ನಮ್ಮಿಂದ ದೂರ ಸರಿಯುತ್ತಿದ್ದುದು ಸೆಕೆಂಡಿಗೆ ಸುಮಾರು 3,000 ಕಿಲೋಮೀಟರ್. ಎರಡನ್ನೂ ಭಾಗಿಸಿದಾಗ ಸಿಕ್ಕ ಉತ್ತರ: 32.6 ಲಕ್ಷ ಜ್ಯೋತಿರ್ವರ್ಷ ದೂರ ಹೆಚ್ಚಿದಂತೆಲ್ಲ ವೇಗ ಸೆಕೆಂಡಿಗೆ 70 ಕಿಲೋಮೀಟರ್ ಹೆಚ್ಚುತ್ತದೆ. ಏಣಿ ಹತ್ತದೆ, ಗುರುತ್ವ ಅಲೆಯಿಂದ ಸಿಕ್ಕ ಮೊದಲ ಉತ್ತರ ಅದು.

ಆದರೆ 70 ಎಂದದ್ದು 62 ಆಗಿರಬಹುದು, 82 ಆಗಿರಬಹುದು. ಜೋಡಿ ನಕ್ಷತ್ರಗಳ ಕಕ್ಷೆ ನಮ್ಮ ಕಡೆ ಮುಖ ಮಾಡಿತ್ತೋ ಓರೆಯಾಗಿತ್ತೋ ಎಂಬುದು ಅಲೆಯಲ್ಲಿ ಸ್ಪಷ್ಟವಾಗುವುದಿಲ್ಲ. ಓರೆಯಾದರೆ ಅಲೆ ಕ್ಷೀಣ, ದೂರವಿದ್ದರೂ ಕ್ಷೀಣ. ಇದು ಬರೀ ಗಣಿತದ ಕೊಸರಾಟವಲ್ಲ. ಸೆಫೀಡ್, ಸೂಪರ್‌ನೋವಾ ಹಿಡಿದು ಬಂದವರ ಉತ್ತರ 73. ವಿಶ್ವದ ಬಾಲ್ಯದ ಬೆಳಕನ್ನು ಅಳೆದ ಪ್ಲ್ಯಾಂಕ್ ಉಪಗ್ರಹದ ಉತ್ತರ 67.4. ಇಬ್ಬರೂ ತಮ್ಮ ಲೆಕ್ಕದಲ್ಲಿ ತಪ್ಪು ಹುಡುಕಿ ಸೋತಿದ್ದಾರೆ. ಯಾರು ಸರಿ ಎಂದು ತೀರ್ಪು ಕೊಡುವಷ್ಟು ನಿಖರತೆ ಗುರುತ್ವ ಅಲೆಗೆ ಬರಬೇಕಾದರೆ ಎನ್‌ಜಿಸಿ 4993ರಲ್ಲಿ ನಡೆದಂಥ ಘಟನೆಗಳು ಹತ್ತಾರು ಬೇಕು.

ಎರಡನೆಯ ಅವಕಾಶ 2019ರ ಏಪ್ರಿಲ್ 25ರಂದು ಬಂದಿತ್ತು. ಮತ್ತೆ ಎರಡು ನ್ಯೂಟ್ರಾನ್ ನಕ್ಷತ್ರಗಳು. ಆದರೆ ಆ ಹೊತ್ತಿಗೆ ಒಂದು ಲೈಗೊ ಯಂತ್ರ ಕೆಲಸ ಮಾಡುತ್ತಿರಲಿಲ್ಲ, ವರ್ಗೊದಲ್ಲಿ ಸಂಕೇತ ತೀರಾ ಕ್ಷೀಣ. ಅಲೆ ಆಕಾಶದ ಯಾವ ಮೂಲೆಯಿಂದ ಬಂತೆಂದು ಕೇಳಿದರೆ, ಇಡೀ ಆಕಾಶದ ಐದನೇ ಒಂದು ಪಾಲನ್ನು ತೋರಿಸಬೇಕಾಯಿತು. ಹಾನ್ಲೆಯಲ್ಲಿ ಖಭೌತ ಸಂಸ್ಥೆ ಮತ್ತು ಬಾಂಬೆ ಐಐಟಿ ನಿಲ್ಲಿಸಿದ 70 ಸೆಂಟಿಮೀಟರಿನ ಯಾಂತ್ರಿಕ ದೂರದರ್ಶಕವೂ ಹುಡುಕಾಟಕ್ಕೆ ಇಳಿಯಿತು. ಯಾರಿಗೂ ಗ್ಯಾಲಕ್ಸಿ ಸಿಗಲಿಲ್ಲ, ದೂರ ಇತ್ತು, ಆದರೆ ಯಾವುದರ ದೂರ ಎಂಬುದಿರಲಿಲ್ಲ. ಭೂಮಿಯ ಇನ್ನೊಂದು ಬದಿಯಲ್ಲಿ ಒಂದು ಯಂತ್ರವಿದ್ದರೆ ದಿಕ್ಕು ಹಿಡಿಯುವುದು ಎಷ್ಟೋ ಸುಲಭ. ಅದಕ್ಕಾಗಿ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ, ನಾಲ್ಕು ಕಿಲೋಮೀಟರ್ ಉದ್ದದ ಎರಡು ತೋಳುಗಳ ಲೈಗೊ-ಇಂಡಿಯಾ ಯಂತ್ರಕ್ಕೆ ಕೇಂದ್ರ ಸಂಪುಟ 2023ರ ಏಪ್ರಿಲಿನಲ್ಲಿ 2,600 ಕೋಟಿ ರೂಪಾಯಿ ಮಂಜೂರು ಮಾಡಿತು.